ಫಕೀರಪ್ಪ ಬ್ಲಾಗ್ ಬರೆದದ್ದು

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ, ಆಶ್ರಮಕ್ಕೊಂದು ಶಾಲೆ. ಎರಡನ್ನೂ ನಡೆಸುತ್ತಿದ್ದವರು ಗುರುಪಾದಯ್ಯನವರು.

ಅವರ ಶಿಷ್ಯ ಫಕೀರಪ್ಪ ಅಲ್ಲೇ ಓದಿ, ಅಲ್ಲೇ ಗಣಿತದ ಮಾಸ್ತರನಾದವನು. ಅವನ ಭಿನ್ನರಾಶಿಯ ಪಾಠ ಸುತ್ತಲಿನ ಊರುಗಳಲ್ಲೆಲ್ಲ ಹೆಸರುವಾಸಿ. ಆ ಸಂಗತಿ ಫಕೀರಪ್ಪನಿಗೂ ಚೆನ್ನಾಗಿಯೇ ಗೊತ್ತಿತ್ತು.

ಒಂದು ದಿನ ಅವನು ಗುರುಗಳ ಮುಂದೆ ಬಂದು ಕೂತ.

"ಅಜ್ಜಾರ, ಹೊಸಾ ಮಾಸ್ತರಗೋಳಿಗೆ ತರಬೇತಿ ಕೊಡೋ ಕೆಲಸ ನನಗ ಕೊಡ್ರಿ. ಕಲಿಸೂ ವಿದ್ಯಾ ನನಗ ಒಲದೈತಿ."

"ಕೊಡೂಣು. ಮೊದಲ ನೀ ಹೆಂಗ ಕಲಿಸ್ತಿ ಅನ್ನೂದನ್ನ ಒಂದು ಬ್ಲಾಗಿನಾಗ ಬರಿ. ಯಾರು ಬೇಕಾದ್ರೂ ಓದಲಿ."

"ಬರಿಯೂದು ಯಾಕ್ರಿ? ಬಂದು ನೋಡಿದ್ರ ಸಾಕಲ್ರಿ."

"ಎದುರಿಗೆ ಕುಂತವರು ನಿನ್ನ ನೋಡ್ತಾರ. ಓದೋರು ಪಾಠ ನೋಡ್ತಾರ," ಎಂದರು ಗುರುಗಳು.

ಫಕೀರಪ್ಪ ಬರೆದ. ಒಂದು ಜೋಳದ ರೊಟ್ಟಿ ತೆಗೆದುಕೊಳ್ಳಿ. ಅರ್ಧ ಮುರಿಯಿರಿ, ಆಮೇಲೆ ಕಾಲು ಮುರಿಯಿರಿ. ಯಾವುದು ದೊಡ್ಡದು ಎಂದು ಕೇಳಿ. ಮಕ್ಕಳಿಗೆ ಥಟ್ಟನೆ ತಿಳಿಯುತ್ತದೆ.

ಬರೆದವನು ಹೊಗಳಿಕೆ ಬಂತೇನೋ ಎಂದು ಮೊಬೈಲ್ ನೋಡುತ್ತ ಕೂತ.

ಬಂದದ್ದು ಬೀದರ್ ಕಡೆಯ ರುಕ್ಸಾನಾ ಎಂಬ ಶಿಕ್ಷಕಿಯ ಪ್ರಶ್ನೆ. "ಸರ್, ನೀವು ಬರೆದ ಹಾಗೇ ಮಾಡಿದೆ. ದೊಡ್ಡ ರೊಟ್ಟಿಯ ಕಾಲು ಹೆಚ್ಚೋ, ಸಣ್ಣ ರೊಟ್ಟಿಯ ಅರ್ಧ ಹೆಚ್ಚೋ ಎಂದು ಹುಡುಗಿಯೊಬ್ಬಳು ಕೇಳಿದಳು. ನಿಮ್ಮ ಮಕ್ಕಳು ಹೀಗೆ ಕೇಳಿದಾಗ ಏನು ಮಾಡುತ್ತೀರಿ?"

ಫಕೀರಪ್ಪನಿಗೆ ಮೈಯೆಲ್ಲ ಉರಿಯಿತು. ಅವನ ತರಗತಿಯ ಮಕ್ಕಳಲ್ಲಿ ಯಾರೂ ಎಂದೂ ಹೀಗೆ ಕೇಳಿರಲಿಲ್ಲ.

ಗುರುಗಳ ಹತ್ತಿರ ಓಡಿ, ಆ ಪ್ರಶ್ನೆ ತೋರಿಸಿದ. "ಇದನ್ನೆಲ್ಲ ಅಳಿಸಿಬಿಡ್ತೀನ್ರಿ. ಹೊಸಾ ಮಾಸ್ತರಗೋಳು ನಾಳಿಗೇ ಬರಾಕತ್ತಾರ. ಅವರು ಓದಿದ್ರ ನನ್ನ ಮರ್ಯಾದಿ ಏನಾಗಬೇಕು?"

"ಅಳಸಿದ್ರ ಅಳಸು. ಅದಕ್ಕೂ ಮೊದಲ ಆಕಿ ಪ್ರಶ್ನೆ ನಿನ್ನ ಹುಡುಗರಿಗೆ ಕೇಳಿ ಬಾ."

ಫಕೀರಪ್ಪ ಒಂದು ದೊಡ್ಡ ರೊಟ್ಟಿ, ಒಂದು ಸಣ್ಣ ರೊಟ್ಟಿ ಹಿಡಿದು ತರಗತಿಗೆ ಹೋದ. ಪ್ರಶ್ನೆ ಕೇಳಿದ. ರೊಟ್ಟಿಯ ಕಡೆ ನೋಡದೆ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

"ಯಾಕ ಸುಮ್ಮನ ಕುಂತೀರಿ?"

ಮುಂದಿನ ಸಾಲಿನ ಯಲ್ಲವ್ವ ಎದ್ದು ನಿಂತಳು. "ಸರ್, ಎರಡರಾಗ ಒಂದನ್ನ ಜೋರಾಗಿ ಹೇಳ್ರಿ. ಯಾವಾಗಲೂ ನೀವು ಜೋರಾಗಿ ಹೇಳಿದ್ದ ಸರಿ ಇರ್ತೈತಿ."

ಫಕೀರಪ್ಪನಿಗೆ ನಾಚಿಕೆಯಿಂದ ಕುಗ್ಗಿ ಹೋಗುವಂತಾಯಿತು. ರೊಟ್ಟಿಗಳನ್ನು ಮಕ್ಕಳ ಕೈಗೇ ಕೊಟ್ಟು ಹೊರಬಂದ.

ಹೊಳೆಯ ಮೆಟ್ಟಿಲ ಮೇಲೆ ಕೂತು ಮೊಬೈಲ್ ತೆಗೆದ. ಅಳಿಸುವುದಕ್ಕೆಂದೇ ತೆಗೆದದ್ದು. ಅಳಿಸಲಿಲ್ಲ. ಯಲ್ಲವ್ವ ಹೇಳಿದ್ದನ್ನು ಇದ್ದ ಹಾಗೇ ಬರೆದ. ಕೆಳಗೆ ಇಷ್ಟು ಸೇರಿಸಿದ: "ರುಕ್ಸಾನಾ ಅವರೇ, ಉತ್ತರ ನನಗೆ ಗೊತ್ತು. ಮಕ್ಕಳು ತಾವೇ ಅದನ್ನು ಕಂಡುಕೊಳ್ಳುವ ಹಾಗೆ ಮಾಡುವುದು ಗೊತ್ತಿಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಿ."

ಸಂಜೆ ಗುರುಗಳ ಮುಂದೆ ತಲೆ ತಗ್ಗಿಸಿ ನಿಂತ.

"ಅಜ್ಜಾರ, ತರಬೇತಿ ಬ್ಯಾರೆಯವರಿಗೆ ಕೊಡ್ರಿ. ನನಗ ಕಲಿಸಾಕ ಬರೂದಿಲ್ಲ ಅಂತ ಊರಿಗೆಲ್ಲ ನಾನ ಬರದು ಹೇಳೀನಿ."

"ಬರದ ಮ್ಯಾಲೆ ಏನಾತು?"

"ನಮ್ಮ ಕ್ಲಾಸಿನಾಗೂ ಹಿಂಗ ಐತಿ ಅಂತ ಭಾಳ ಮಂದಿ ಬರದಾರ್ರಿ. ಒಬ್ಬರು ಒಂದು ಉದ್ದ, ಒಂದು ಗಿಡ್ಡ ಹಗ್ಗ ಕೊಟ್ಟು ಹುಡುಗರ ಕೈಲೇ ಮಡಚಿಸ್ತಾರಂತ. ರುಕ್ಸಾನಾ ಮೇಡಂ ರೊಟ್ಟಿ ಮುರಿಯೂದನ್ನ ಹುಡುಗರಿಗೇ ಬಿಟ್ಟು, ತಾವು ಬಾಯಿ ಮುಚ್ಚಿಕೊಂಡು ಕುಂದರತಾರಂತ." ಹೇಳುತ್ತ ಹೇಳುತ್ತ ಫಕೀರಪ್ಪನ ತಲೆ ಮೇಲೆದ್ದಿತು. ದನಿಯಲ್ಲಿ ಹುರುಪು ಬಂತು. "ಎರಡನ್ನೂ ನಾಳೆ ಮಾಡಿ ನೋಡ್ತೀನ್ರಿ. ಆಗತೈತೋ ಇಲ್ಲೋ, ಅದನ್ನೂ ಬರೀತೀನಿ."

ಗುರುಗಳು ನಕ್ಕರು.

"ಮಾಡು. ಹೊಸಾ ಮಾಸ್ತರಗೋಳನ್ನ ಹಿಂದಿನ ಸಾಲಿನಾಗ ಕುಂದರಿಸಿಕೊಂಡು ಮಾಡು."