ತಡವಾಗುವ ಸ್ಟುಡಿಯೊ

ಆಮೆ ಫೋಟೊ ಸ್ಟುಡಿಯೊ ತೆರೆಯಿತು. ವೆಬ್‌ಸೈಟ್ ಮಾಡಿಕೊಟ್ಟ ಕೋತಿ, ಗಿರಾಕಿಗಳು ಮುಗಿಬೀಳಲಿ ಎಂದು ಮೊದಲ ಪುಟದಲ್ಲೇ ‘ಕಣ್ಣು ಮಿಟುಕಿಸುವಷ್ಟರಲ್ಲಿ ಫೋಟೊ’ ಎಂದು ಬರೆಯಿತು. ಅಳಿಲುಗಳ ಹಿಂಡೇ ಬಂತು. ಆಮೆ ಕ್ಯಾಮೆರಾ ಎತ್ತುವಷ್ಟರಲ್ಲಿ ಅವು ಬೈದುಕೊಂಡು ಮರ ಹತ್ತಿದವು. ಫೋಟೊದಲ್ಲಿ ಬರೀ ಮರ ಬಂತು.

ಆಮೆ ಆ ಸಾಲನ್ನು ಅಳಿಸಿ, ‘ಇಲ್ಲಿ ತಡವಾಗುತ್ತದೆ’ ಎಂದು ಬರೆಸಿತು.

“ಇದನ್ನು ಓದಿ ಯಾರು ಬರುತ್ತಾರೆ?” ಎಂದು ಕೋತಿ ನಕ್ಕಿತು.

ಬಸವನಹುಳು ಬಂತು. “ಸ್ವಾಮಿ, ನನಗೆ ನಾಚಿಕೆ ಜಾಸ್ತಿ. ನಾನು ಚಿಪ್ಪಿನಿಂದ ತಲೆ ಹೊರಗೆ ಚಾಚುವಷ್ಟರಲ್ಲಿ ಬೇರೆಯವರು ಅಂಗಡಿಯನ್ನೇ ಮುಚ್ಚಿಬಿಡುತ್ತಾರೆ. ನಿಮ್ಮ ವೆಬ್‌ಸೈಟ್ ಓದಿ ಧೈರ್ಯ ಬಂತು. ಈಗ ಹೊರಗೆ ಬರಲೇ?”

“ನಿಧಾನವಾಗಿ ಬನ್ನಿ,” ಎಂದಿತು ಆಮೆ, ತನ್ನ ಚಿಪ್ಪಿನೊಳಗಿನಿಂದ. “ನಾನೇ ಇನ್ನೂ ಬಂದಿಲ್ಲ.”