ಅರಿಸಿನ ಬಣ್ಣದ ಮೊದಲ ಹನಿ

ಭೂಮಿ ಆಗಷ್ಟೇ ಮಿಂದು ಎದ್ದಿದ್ದ ಕಾಲವದು. ಬೆಟ್ಟಗಳ ತಲೆ ಇನ್ನೂ ಒಣಗಿರಲಿಲ್ಲ. ಗಾಳಿ, ಹೊಳೆ, ಮರ ಎಲ್ಲಕ್ಕೂ ಮಾತು ಬರುತ್ತಿತ್ತು. ಮಾತಾಡಿ ಮಾತಾಡಿ ಅವಕ್ಕಿನ್ನೂ ಬೇಸರವಾಗಿರಲಿಲ್ಲ.

ಆಗ ತಾಯಂದಿರ ಎದೆಯಲ್ಲಿ ಹಾಲಿರಲಿಲ್ಲ. ಹಾಲೆಲ್ಲ ಇದ್ದದ್ದು ಹೊಳೆಯಾಚೆಯ ಆಲದಜ್ಜಿಯ ಮೈಯಲ್ಲಿ. ಕೂಸು ಹುಟ್ಟಿದ ಮನೆಯವರು ಸೋರೆಬುರುಡೆ ಹಿಡಿದು ಹೊಳೆ ದಾಟುತ್ತಿದ್ದರು. "ಅಜ್ಜಿ, ಕೂಸಿಗೆ" ಎಂದು ಕೇಳಿ ಎಲೆ ಚಿವುಟುತ್ತಿದ್ದರು. ಕೇಳದೆ ಚಿವುಟಿದವರಿಗೆ ಒಂದು ತೊಟ್ಟೂ ಬೀಳುತ್ತಿರಲಿಲ್ಲ. ಆಲದಜ್ಜಿ ಅಷ್ಟು ಖಡಕ್ಕು.

ಸಣ್ಣೀರಿ ಎಂಬುವಳು ಚೊಚ್ಚಲು ಹೆತ್ತ ದಿನವೇ ಹೊಳೆ ಉಕ್ಕಿ ಹರಿಯಿತು. ಅವಳ ಅತ್ತೆ ಮುದ್ದವ್ವ ಬಾಣಂತಿಯ ಮೈಗೆಲ್ಲ ಅರಿಸಿನ, ಎಣ್ಣೆ ತೀಡಿ ಬೆಚ್ಚಗೆ ಕೂರಿಸಿದ್ದಳು. ಹೆಣ್ಣುಕೂಸು ಹಸಿದು ಅಳುತ್ತಿತ್ತು. ಬುರುಡೆ ಬರಿದಾಗಿ ಮೂಲೆಯಲ್ಲಿತ್ತು.

ಸಣ್ಣೀರಿ ಬಾಗಿಲಿಗೆ ಬಂದು ಕೂಗಿದಳು. "ಹೊಳೆಯವ್ವಾ, ಒಂದು ಗಳಿಗೆ ತಗ್ಗು. ಕೂಸು ಹಸಿದದೆ."

"ನಾನೇನ್ ಮಾಡ್ಲವ್ವ, ಮೋಡ ಇನ್ನೂ ಸುರೀತಾನೇ ಅದೆ" ಎಂದಿತು ಹೊಳೆ. ಅದಕ್ಕೂ ಸಂಕಟವೇ.

ಕೂಸಿನ ದನಿ ಸಣ್ಣದಾಗುತ್ತ ಬಂತು.

"ತಡಿ, ನಾ ಹೋಗಿ ತತ್ತೀನಿ" ಎಂದು ಗಾಳಿ ಹಾರಿತು. ಬೊಗಸೆ ತುಂಬ ಹಾಲು ಇಸಿದುಕೊಂಡು ಹೊರಟಿತು. ಗಾಳಿಯ ಬೊಗಸೆಯಲ್ಲಿ ಹಾಲು ನಿಂತೀತೇ? ಅಷ್ಟೂ ದಾರಿಯ ಎಕ್ಕದ ಗಿಡಗಳ ಮೇಲೆ ಚೆಲ್ಲಿಹೋಯಿತು. ಮನೆ ಮುಟ್ಟಿದ್ದು ಅಜ್ಜಿಯ ಮಾತು ಮಾತ್ರ.

"ಅಜ್ಜಿ ಏನಂತು ಗೊತ್ತಾ? ನಾನೇನು ಹಾಲು ತುಂಬಿಟ್ಕಂಡು ನಿಂತಿಲ್ಲ. ಕೇಳೋರು ಕೇಳ್ದಾಗ ಬತ್ತದೆ, ಅಷ್ಟೆ. ಆ ಕೂಸು ಅವ್ವನ್ನೇ ಕೇಳ್ಲಿ, ಅಂತು."

ಸಣ್ಣೀರಿ ಕೂಸನ್ನು ಎದೆಗಿಟ್ಟುಕೊಂಡಳು. ಕೂಸು ಕೇಳಿತು. ಏನೂ ಬರಲಿಲ್ಲ.

"ಬಾವಿ ತೋಡದೆ ನೀರೆಲ್ಲಿಂದ ಬತ್ತದೆ?" ಎಂದು ಮುದ್ದವ್ವ ಕಣ್ಣೊರೆಸಿಕೊಂಡಳು.

ಕೂಸು ಮತ್ತೆ ಕೇಳಿತು. ಬಿಡದೆ ಕೇಳಿತು. ಅಂಗೈಯಷ್ಟಿದ್ದ ಆ ಜೀವಕ್ಕೆ ಅದೆಂಥ ಹಟವೋ! ಕೊನೆಗೆ ಸಣ್ಣೀರಿಯ ಮೈಗೆ ಆ ಮಾತು ಕೇಳಿಸಿತು. ಅರಿಸಿನ ಕುಡಿದಿದ್ದ ಮೈಯೊಳಗಿಂದ ಒಂದು ಹನಿ ಹೊರಬಂತು. ಹಳದಿಯಾಗಿ, ಜೇನಿನಂತೆ ಮಂದವಾಗಿತ್ತು.

"ಅಯ್ಯೋ, ಇದು ಹಾಲಲ್ಲ ಕಣವ್ವ, ಅರಿಸಿನದ ನೀರು" ಎಂದು ಮುದ್ದವ್ವ ಅದನ್ನು ಬಟ್ಟೆಯಿಂದ ಒರೆಸಿಯೇಬಿಟ್ಟಳು.

ಇನ್ನೊಂದು ಹನಿ ಮೂಡಿತು. ಮತ್ತೆ ಬಟ್ಟೆ ಮುಂದೆ ಬಂದಾಗ ಸಣ್ಣೀರಿ ಅತ್ತೆಯ ಕೈ ಹಿಡಿದಳು.

"ಬ್ಯಾಡ ಅತ್ತೆ. ಅದು ಕೇಳ್ತು, ನನ್ ಮೈ ಕೊಡ್ತು. ಬಣ್ಣ ಕಟ್ಕಂಡು ಏನಾಗ್ಬೇಕು?"

ಕೂಸು ಆ ಹನಿಯನ್ನು ಚಪ್ಪರಿಸಿ ನುಂಗಿತು. ಇನ್ನೊಂದು, ಮತ್ತೊಂದು. ಆಮೇಲೆ ನಿದ್ದೆ ಹೋಯಿತು. ಎದ್ದು ಮತ್ತೆ ಕೇಳಿತು. ಕೇಳಿದಷ್ಟೂ ಬಂತು, ಬಂದಷ್ಟೂ ಕೇಳಿತು. ಹೊಳೆ ಇಳಿಯುವ ಹೊತ್ತಿಗೆ ಹಳದಿ ತಿಳಿಯಾಗಿ ಬೆಳ್ಳನೆಯ ಹಾಲು ಧಾರೆಯಾಗಿತ್ತು. ಮುದ್ದವ್ವ ಸೊಸೆಗೆ ಎರಡೂ ಕೈಯಿಂದ ನೆಟಿಗೆ ಮುರಿದಳು.

ಸಣ್ಣೀರಿ ಕೂಸನ್ನೆತ್ತಿಕೊಂಡು ಹೊಳೆ ದಾಟಿದಳು. ಕೈಯಲ್ಲಿ ಬುರುಡೆಯಿರಲಿಲ್ಲ. ಅದನ್ನು ನೋಡಿಯೇ ಆಲದಜ್ಜಿಗೆ ಎಲ್ಲ ತಿಳಿಯಿತು. "ನಂದೂ ಭಾರ ಇಳೀತು. ಇನ್ಮೇಲೆ ಎಲ್ಲಾ ಕೂಸೂ ಅವ್ವನ್ನೇ ಕೇಳ್ಲಿ. ಇನ್ನು ನನ್ ಗಾಯಕ್ಕೆ ಮೆತ್ಕಳಷ್ಟು ಇದ್ರೆ ಸಾಕು" ಎಂದು ತನ್ನ ಹಾಲನ್ನು ಅಂಟು ಮಾಡಿಕೊಂಡಳು. ಗಾಳಿಗೆ ಮಾತ್ರ ಹಾಲು ಚೆಲ್ಲಿದ ನಾಚಿಕೆ ಹೋಗಲೇ ಇಲ್ಲ. "ಕೂಸು ಕೇಳ್ದಾಗೆಲ್ಲ ಅವ್ವಂಗೆ ನಾನೇ ಸುದ್ದಿ ಮುಟ್ಟಿಸ್ತೀನಿ" ಎಂದು ಮಾತು ಕೊಟ್ಟಿತು.

ಅದಕ್ಕೇ ಮಗು, ಇವತ್ತಿಗೂ ಹೆತ್ತ ತಾಯಿಗೆ ಮೊದಲು ಬರುವ ಹಾಲಿಗೆ ಅರಿಸಿನದ ಬಣ್ಣ, ಅದರ ಒಂದು ಹನಿಯನ್ನೂ ಒರೆಸಿ ಎಸೆಯಬಾರದು. ತೊಟ್ಟಿಲಲ್ಲಿ ನಿನ್ನ ತಂಗಿ ಅತ್ತರೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿರುವ ನಿನ್ನ ಅಮ್ಮನ ಕುಪ್ಪಸ ತಾನಾಗಿ ಒದ್ದೆಯಾಗುತ್ತದಲ್ಲ, ಕೂಸು ಕೇಳುತ್ತಿದೆ ಎಂದು ಗಾಳಿ ಆಗಲೇ ಬಂದು ಹೇಳಿ ಹೋಗಿರುತ್ತದೆ.