ಒಂದೇ ಬಾಗಿಲಿನ ಕಲ್ಲುಮನೆ

“ಸೀಗೆ ಹುಣ್ಣಿಮೆಯ ಮರುದಿನ ಮನೆ ಬಿಟ್ಟವನು ನಾನು. ಆವತ್ತಿನಿಂದ ಯಾವ ಊರಲ್ಲೂ ಕಾಲು ನಿಂತಿಲ್ಲ. ಗದ್ದಲವಿಲ್ಲದ ಮನೆ ಎಲ್ಲಿ ಸಿಗುತ್ತದೆ, ಅಜ್ಜಾರ?” ಎಂದು ಮುರಿಗೆಪ್ಪ ಗುರುಗಳನ್ನು ಕೇಳಿದ.

ಅವನು ಓದು ಬಿಟ್ಟದ್ದು ಆರನೆಯ ಇಯತ್ತೆಗೆ, ಮನೆ ಬಿಟ್ಟದ್ದು ಅಣ್ಣನ ಮಕ್ಕಳ ಕಿರುಚಾಟಕ್ಕೆ. ಊರೂರು ತಿರುಗಿ ಮಠಕ್ಕೆ ಬಂದರೆ ಇಲ್ಲಿ ಅಡುಗೆಯವರ ಜಗಳ. ಅಣ್ಣ ಕರೆಯಲು ಬಂದು ಬರಿಗೈಯಲ್ಲಿ ತಿರುಗಿ ಹೋಗಿದ್ದ. ಈಗ ಗುಡ್ಡದ ಗವಿಯಲ್ಲಿ ಒಬ್ಬನೇ ಇರುವುದೆಂದು ಮುರಿಗೆಪ್ಪ ಹೊರಟು ನಿಂತಿದ್ದ.

ಗುರುಗಳು ಕೂರಲು ಹೇಳಿ, ಕತೆ ತೆಗೆದರು.

“ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಒಬ್ಬ ರೈತನಿದ್ದ. ಅವನದು ಹಿರಿಯರು ಕಟ್ಟಿಸಿದ ಕಲ್ಲಿನ ಮನೆ. ಎರಡು ಮೊಳ ದಪ್ಪದ ಗೋಡೆ, ಉದ್ದಕ್ಕೆ ಒಂದೇ ಮಾಡು, ನಡುವೆ ಒಂದೇ ಬಾಗಿಲು. ಒಳಗೆ ಹೋಗಿ ಬಲಕ್ಕೆ ಹೊರಳಿದರೆ ಜನ, ಎಡಕ್ಕೆ ಹೊರಳಿದರೆ ದನ. ಗಂಜಲ ಹರಿದು ಹೋಗಲೆಂದು ನೆಲವನ್ನು ದನಗಳ ಕಡೆಗೆ ಇಳಿಜಾರು ಮಾಡಿದ್ದರು.

ರೈತನ ಕೈಯಲ್ಲಿ ನಾಲ್ಕು ಕಾಸು ಕೂಡಿತು. ಪಟ್ಟಣದ ನೆಂಟರು ಬರತೊಡಗಿದರು. ಅವನಿಗೆ ನಾಚಿಕೆ ಶುರುವಾಯಿತು.

‘ಉಣ್ಣುವ ತಟ್ಟೆಗೂ ಸಗಣಿ ವಾಸನೆ. ಇವನ್ನು ಹೊರಗೆ ಕಟ್ಟಬೇಕು’ ಎಂದ.

‘ನನ್ನ ಕೈಗೂ ಅದೇ ವಾಸನೆ. ನನ್ನನ್ನು ಎಲ್ಲಿ ಕಟ್ಟುತ್ತೀರಿ?’ ಎಂದಳು ಹೆಂಡತಿ.

ಅವನು ಹೊಲದ ಅಂಚಿಗೆ ಬೇರೆ ಕೊಟ್ಟಿಗೆ ಕಟ್ಟಿಸಿದ. ದನಗಳಿದ್ದ ಕಡೆ ತೊಳೆಸಿ, ಸುಣ್ಣ ಬಳಿಸಿ, ಆಚೆ ಗೋಡೆಯಿಂದ ಈಚೆ ಗೋಡೆಯವರೆಗೆ ಊಟದ ಮೇಜು ಹಾಕಿಸಿದ. ನೆಂಟರು ಹೊಗಳಿ ಉಂಡು ಹೋದರು.

ಚಳಿಗಾಲ ಬಂತು, ಹಿಮ ಬಿತ್ತು, ನೆಂಟರು ಬರಲಿಲ್ಲ. ಇಷ್ಟು ವರ್ಷ ದನಗಳ ಮೈಬಿಸಿ ಕುಡಿದು ಬೆಳಗಿನವರೆಗೂ ಮನೆಯವರಿಗೆ ಹಂಚುತ್ತಿದ್ದ ಕಲ್ಲು ಈಗ ತಣ್ಣಗಾಗಿ ಬೆವರತೊಡಗಿತು. ಎಷ್ಟು ಸೌದೆ ಉರಿಸಿದರೂ ಹಾಸಿಗೆ ತಣ್ಣಗೇ. ಒಂದು ಸಂಜೆ ಹೆಂಡತಿ ಕಂಬಳಿ ಎತ್ತಿಕೊಂಡು ಕೊಟ್ಟಿಗೆಗೆ ನಡೆದಳು. ರೈತ ಕೆಲವು ದಿನ ಬಿಗಿದುಕೊಂಡು ಕೂತ. ಆಮೇಲೆ ಅವನೂ ಹೋಗಿ ಎಮ್ಮೆಯಂಥ ದೊಡ್ಡ ಹಸುವೊಂದಕ್ಕೆ ಒರಗಿ ಮಲಗಿದ. ಮೂಗಿಗೆ ಬೇಡವಾದದ್ದನ್ನು ಬೆನ್ನು ಹುಡುಕಿಕೊಂಡು ಹೋಯಿತು.”

ಮುರಿಗೆಪ್ಪ ನಕ್ಕ. “ಒಳ್ಳೇ ಶಾಣ್ಯಾ ಬಿಡ್ರಿ. ಆಮೇಲಾದರೂ ದನಗಳನ್ನು ಮನೆಗೆ ತಂದನೇನು?”

“ದನ ಬರಲು ತಯಾರಿದ್ದವಪ್ಪ. ಅವನಿಗೆ ಮೇಜು ಎತ್ತಲು ಮನಸ್ಸಾಗಲಿಲ್ಲ.”

ಮುರಿಗೆಪ್ಪನ ನಗು ಅಲ್ಲಿಗೇ ನಿಂತಿತು. ಆಮೇಲೆ ಎದ್ದು, ಗವಿಯಲ್ಲಿ ಬೇಯಿಸಿಕೊಳ್ಳಲೆಂದು ಎತ್ತಿಟ್ಟಿದ್ದ ಹಿಟ್ಟು, ಪಾತ್ರೆಗಳನ್ನು ಮಠದ ಅಡುಗೆಮನೆಗೆ ತಿರುಗಿ ಕೊಟ್ಟು ಬಂದ. ಅಣ್ಣನ ಮನೆಗೆ ಅವು ಬೇಕಿರಲಿಲ್ಲ. ಬಟ್ಟೆಗಳನ್ನಷ್ಟೇ ಮಡಿಚಿ ಗಂಟು ಕಟ್ಟತೊಡಗಿದ.